ಪುಷ್ಪಾವತಿ ನೋಡದ ಕೊನೆಯ ಸೀನು

ಪಾಂಡವಪುರದ ಬಸ್ ನಿಲ್ದಾಣದ ಎದುರು ಕಡ್ಲೆಪುರಿ ಅಂಗಡಿ ಇಟ್ಟಿದ್ದ ಹುಚ್ಚಯ್ಯ ಎಷ್ಟು ಸಲ ಸತ್ತಿದ್ದನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಳೆಯಲ್ಲಿ ಮುಳುಗಿಯೇ ಸತ್ತಿದ್ದ. ಪ್ರತಿ ಸಲವೂ ಪಾಲಹಳ್ಳಿಯ ದೇವರಾಜು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದ್ದ. ಆ ಹಾಡು ಹಾಡುವಾಗ ದೇವರಾಜುವಿನ ಮುಖ ಹೇಗಿರುತ್ತಿತ್ತು ಎಂಬುದು ಸುತ್ತಲಿನ ತಾಲ್ಲೂಕುಗಳ ಜನಕ್ಕೆಲ್ಲ ಗೊತ್ತಿತ್ತು. ಹುಚ್ಚಯ್ಯನಿಗೆ ಮಾತ್ರ ಗೊತ್ತಿರಲಿಲ್ಲ. ಸತ್ತವರು ಕಣ್ಣು ಬಿಡುವಂತಿರಲಿಲ್ಲ.

‘ಪುಷ್ಪಾವತಿ’ ಎಂಬ ಆ ನಾಟಕ ಎಲ್ಲೂ ಅಚ್ಚಾಗಿರಲಿಲ್ಲ. ಅದನ್ನು ಕಟ್ಟಿದವರು ತಮ್ಮಯ್ಯ ಮೇಷ್ಟ್ರು. ಯಾವುದೋ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದು, ಕಂಪನಿ ಮುಚ್ಚಿದ ಮೇಲೆ ಊರಿಗೆ ಮರಳಿ, ಹಳ್ಳಿಯವರಿಗೆ ನಾಟಕ ಕಲಿಸುತ್ತ ಬದುಕಿದವರು. ಕಥೆ ಸರಳವಾದದ್ದು. ಅಂಬಿಗನ ಮಗಳು ಪುಷ್ಪಾವತಿ, ಪಾಳೇಗಾರನ ಮಗ ರತ್ನಕೇತು. ತಂದೆ ಮಗನನ್ನು ದೂರದ ಸೀಮೆಗೆ ಅಟ್ಟುತ್ತಾನೆ. ಅವನು ಮರಳಿ ಬಂದು ಹೊಳೆಯ ಆಚೆ ದಡದಲ್ಲಿ ನಿಂತಿದ್ದಾನೆಂದು ಕೇಳಿದ ಪುಷ್ಪಾವತಿ, ಪ್ರವಾಹದಲ್ಲಿ ಒಬ್ಬಳೇ ಹರಿಗೋಲು ಇಳಿಸುತ್ತಾಳೆ. ಬೆಳಿಗ್ಗೆ ಅವನಿಗೆ ಸಿಗುವುದು ಮರಳಿನ ಮೇಲೆ ಮಲಗಿದ ಹೆಣ. ಈ ನಾಟಕದಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ಜಗಳ, ನ್ಯಾಯ, ಬೈಗುಳ, ಬೀಳ್ಕೊಡುಗೆ ಎಲ್ಲವೂ ಹಾಡಿನಲ್ಲೇ ನಡೆಯಬೇಕು. ಮಾತು ಬರುವವರು ಮನೆಯಲ್ಲಿರಿ, ಶಾರೀರ ಇರುವವರು ಬನ್ನಿ ಎಂದು ಮೇಷ್ಟ್ರು ಹೇಳುತ್ತಿದ್ದರಂತೆ.

ಆಗ ಹೆಂಗಸರು ಹಳ್ಳಿಯ ರಂಗದ ಮೇಲೆ ಬರುತ್ತಿರಲಿಲ್ಲ. ಪುರಿ ಹುರಿಯುವ ಮನೆಯ ಹುಚ್ಚಯ್ಯ ಸಣಕಲು ಮೈಯವ, ಎತ್ತರದ ಕಂಠದವ. ಮೇಷ್ಟ್ರು ಅವನಿಗೆ ಸೀರೆ ಉಡಿಸಿ ಪುಷ್ಪಾವತಿ ಮಾಡಿದರು. ರತ್ನಕೇತುವಾದ ದೇವರಾಜು ನಾಲೆ ನೀರಿನ ಗದ್ದೆ, ಕಬ್ಬಿನ ತೋಟ, ಆಲೆಮನೆ ಇದ್ದ ಗೌಡರ ಮಗ. ಬೇರೆ ದಿನಗಳಲ್ಲಿ ದೇವರಾಜುವಿನ ಮನೆಗೆ ಹೋದರೆ ಹುಚ್ಚಯ್ಯ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ನಾಟಕದ ದಿನ ಅದೇ ದೇವರಾಜುವಿನ ತೊಡೆಯ ಮೇಲೆ ತಲೆ ಇಡುತ್ತಿದ್ದ. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿರಲಿಲ್ಲ.

ಮೊದಲ ಪ್ರಯೋಗ ಕೃಷ್ಣರಾಜಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಆಯಿತು. ರಂಗದ ಮುಂದೆ ಗ್ಯಾಸ್‌ಲೈಟು ತೂಗುಹಾಕಿದ್ದರು. ಅದರ ಬಿಳಿ ಬೆಳಕು ನೇರ ಕಣ್ಣಿಗೆ ಬಡಿದು, ಸತ್ತು ಮಲಗಿದ್ದ ಪುಷ್ಪಾವತಿಯ ರೆಪ್ಪೆಗಳು ಪಟಪಟ ಅದುರಿದವು. ರತ್ನಕೇತು ಎದೆ ಬಿರಿಯುವಂತೆ ಹಾಡುತ್ತಿದ್ದಾಗ ಜನರ ನಡುವಿನಿಂದ ಒಬ್ಬ ಕೂಗಿದ, “ಲೇ, ಹೆಣ ಕಣ್ ಮಿಟುಕ್ಸ್ತದೆ ನೋಡ್ರಲಾ.” ಇಡೀ ಬಯಲು ನಕ್ಕಿತು. ಹುಚ್ಚಯ್ಯ ಬಣ್ಣ ಅಳಿಸಿಕೊಳ್ಳುತ್ತ, ಇನ್ನು ಸೀರೆ ಮುಟ್ಟುವುದಿಲ್ಲ ಎಂದು ಅತ್ತಿದ್ದ. ಮೇಷ್ಟ್ರು ಸಮಾಧಾನ ಹೇಳಲಿಲ್ಲ. ಹಾಡುವುದು ಎಲ್ಲರಿಗೂ ಬರುತ್ತದೆ, ಹೆಣವಾಗುವುದನ್ನು ಕಲಿ ಎಂದರು.

ಹುಚ್ಚಯ್ಯ ಕಲಿತ. ಮನೆಯಲ್ಲಿ ಉರಿಯುವ ಒಲೆಯ ಮುಂದೆ ಮುಖವಿಟ್ಟು ಕಣ್ಣು ಮುಚ್ಚಿ ಮಲಗಿ ಅಭ್ಯಾಸ ಮಾಡಿದ. ಮುಂದಿನ ಪ್ರಯೋಗದಲ್ಲಿ ಯಾರೂ ನಗಲಿಲ್ಲ. ಆಮೇಲೆ ಎಂದೂ ನಗಲಿಲ್ಲ. ಕೊನೆಯ ಹಾಡಿನ ಎರಡನೇ ಚರಣ ಬರುವ ಹೊತ್ತಿಗೆ ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಮಾತ್ರ ಅವನಿಗೆ ಕೇಳುತ್ತಿತ್ತು. ಪುಷ್ಪಾವತಿಯ ಹಾಡುಗಳಿಗಿಂತ ಹೆಚ್ಚಾಗಿ ಅವಳ ಹೆಣವೇ ತನ್ನ ಸಾಧನೆ ಎಂದು ಅವನು ನಂಬಿದ್ದ. ಗುರುತಿನವರೊಡನೆ ನಾಟಕದ ಮಾತು ಬಂದಾಗ, ತನ್ನಂತೆ ಅಲುಗಾಡದೆ ಸತ್ತವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ಮೇಷ್ಟ್ರದು ಇನ್ನೊಂದು ಕಟ್ಟಳೆ ಇತ್ತು. ರಂಗದ ಮೇಲೆ ಸತ್ತವರು ಹಾಡು ಮುಗಿದು ಮಂಗಳಾರತಿ ಆಗುವ ತನಕ ಕಣ್ಣು ಬಿಡಕೂಡದು. ಬಿಟ್ಟಾಗ ಮೊದಲು ಕಾಣಬೇಕಾದ್ದು ಕರ್ಪೂರದ ಉರಿ. ಇಲ್ಲದಿದ್ದರೆ ನಾಟಕದ ಸಾವು ಮನೆಗೆ ಹಿಂಬಾಲಿಸುತ್ತದೆ. ಹುಚ್ಚಯ್ಯ ಅದನ್ನು ಒಮ್ಮೆಯೂ ಮೀರಲಿಲ್ಲ. ಹೀಗಾಗಿ ಜನ ಮನೆಗೆ ಹೋಗಿ ವಾರಗಟ್ಟಲೆ ಆಡಿಕೊಳ್ಳುತ್ತಿದ್ದ ಆ ಒಂದು ಸೀನು, ತಾನೇ ನಡುವೆ ಮಲಗಿದ್ದ ಆ ಸೀನು, ಅವನ ಪಾಲಿಗೆ ಬರೀ ಕತ್ತಲೆ ಮತ್ತು ದನಿ. ಹಾಡು ಮುಗಿದ ಕೂಡಲೇ ಕರ್ಪೂರ, ಅದರ ಹಿಂದೆ ಬೆವರು ಒರೆಸಿಕೊಂಡು ನಗುವ ದೇವರಾಜು.

ಎಪ್ಪತ್ತರ ದಶಕ ಮುಗಿಯುತ್ತ ಬಂದಂತೆ ಮೈಸೂರು, ಮಂಡ್ಯದಿಂದ ನಟಿಯರನ್ನು ಕರೆಸುವ ರೂಢಿ ಬಂತು. ಅವರಿಗೆ ಪೌರಾಣಿಕ ನಾಟಕಗಳ ಪಾತ್ರ ಬಾಯಿಪಾಠವಿತ್ತು. ‘ಪುಷ್ಪಾವತಿ’ ಯಾರಿಗೂ ಬರುತ್ತಿರಲಿಲ್ಲ. ಮೇಷ್ಟ್ರು ತೀರಿಕೊಂಡರು. ದೇವರಾಜು ಆಲೆಮನೆಗೆ ಮರಳಿದ, ಹುಚ್ಚಯ್ಯ ಪುರಿಯ ಬಾಣಲೆಗೆ. ಬೇರೊಬ್ಬಳು ಆ ಪಾತ್ರ ಕಟ್ಟಿದ್ದರೆ ಹುಚ್ಚಯ್ಯ ಜನರ ನಡುವೆ ಕುಳಿತು ಆ ಸೀನನ್ನು ಒಮ್ಮೆ ನೋಡಬಹುದಿತ್ತು. ಆ ದಾರಿಯೂ ಮುಚ್ಚಿತು.

ಸಿನಿಮಾದ ಯೋಚನೆ ಬಂದದ್ದು ಆಮೇಲೆ. ಪುರಿಯ ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅವನು ಕೃಷ್ಣರಾಜಪೇಟೆ, ನಾಗಮಂಗಲದ ಸಂತೆಗಳಿಗೆ ಹೋಗುತ್ತಿದ್ದ. ಕಿಟಕಿಯ ಪಕ್ಕ ಸೀಟು ಸಿಕ್ಕಿದರೆ ದಾರಿಯುದ್ದಕ್ಕೂ ‘ಪುಷ್ಪಾವತಿ’ ಸಿನಿಮಾ ಓಡುತ್ತಿತ್ತು. ರತ್ನಕೇತು ಕಾದು ಕೂರುವುದು ಕುಂತಿಬೆಟ್ಟದ ಬಂಡೆಯ ಮೇಲೆ. ಪಾಳೇಗಾರನ ನ್ಯಾಯದ ಸೀನಿಗೆ ಮೇಲುಕೋಟೆಯ ಕಲ್ಯಾಣಿಯ ಮಂಟಪ. ದೇಶಾಂತರದ ಹಾಡಿಗೆ ನಾಗಮಂಗಲದ ಕಡೆಯ ಬೋಳು ಹೊಲಗಳು. ಕೊನೆಯ ಸೀನು ಶ್ರೀರಂಗಪಟ್ಟಣದ ಹೊಳೆಯಲ್ಲಿ, ನೀರು ಇಳಿದು ಮರಳು ಎದ್ದಿರುವ ಕಡೆ. ಎಲ್ಲ ಜಾಗವೂ ಗೊತ್ತಾಗಿತ್ತು. ಪುಷ್ಪಾವತಿಯ ಮುಖ ಒಂದು ಗೊತ್ತಾಗುತ್ತಿರಲಿಲ್ಲ. ಬಣ್ಣದ ಕೋಣೆಯ ಅಂಗೈಯಗಲದ ಕನ್ನಡಿಯಲ್ಲಿ ಅವನು ಅವಳನ್ನು ತುಂಡು ತುಂಡಾಗಿ ಕಂಡಿದ್ದ: ಒಮ್ಮೆ ಹಣೆ, ಒಮ್ಮೆ ತುಟಿ, ಒಮ್ಮೆ ಕಿವಿಯ ಓಲೆ.

ತೊಂಬತ್ತೈದರ ಬೇಸಿಗೆಯಲ್ಲಿ ಮೇಲುಕೋಟೆಯಲ್ಲಿ ಯಾವುದೋ ಸಿನಿಮಾದ ಶೂಟಿಂಗ್ ನಡೆಯಿತು. ನೋಡಲು ಬಂದ ಜನಕ್ಕೆ ಪುರಿ ಮಾರಲು ಹುಚ್ಚಯ್ಯ ಹೋಗಿದ್ದ. ಮಾರುತ್ತ ಗುನುಗುತ್ತಿದ್ದ ಪದವನ್ನು ಆ ತಂಡದ ಸಹಾಯಕ ನಿರ್ದೇಶಕ ರವೀಂದ್ರ ಕೇಳಿಸಿಕೊಂಡ. ಮೈಸೂರಿನವನಾದ ರವೀಂದ್ರ ಸ್ವಂತ ಸಿನಿಮಾ ಮಾಡಬೇಕೆಂದು ಕಥೆ ಹುಡುಕುತ್ತಿದ್ದ. ಶೂಟಿಂಗ್ ಮುಗಿದ ಮೇಲೂ ಅವನು ಪಾಂಡವಪುರದ ಅಂಗಡಿಗೆ ಬರತೊಡಗಿದ. ಬೆಂಚಿನ ಮೇಲೆ ಕುಳಿತು ಪುರಿ ಮೆಲ್ಲುತ್ತ, ಮೊದಲಿನಿಂದ ಕೊನೆಯವರೆಗೆ ಹಾಡಿಸಿ ಕೇಳಿದ. ಹೊರದೇಶಗಳಲ್ಲಿ ಇಡೀ ನಾಟಕವನ್ನು ಹೀಗೇ ಹಾಡಿನಲ್ಲಿ ನಡೆಸುತ್ತಾರೆ, ಅದಕ್ಕೆ ಆಪೆರಾ ಅನ್ನುತ್ತಾರೆ, ಅಲ್ಲಿಯೂ ಕೊನೆಗೆ ನಾಯಕಿ ಸಾಯುತ್ತಾಳೆ, ಸಾಯುವಾಗಲೂ ಹಾಡುತ್ತಾಳೆ ಎಂದು ವಿವರಿಸಿದ.

“ಸಾಯೋಳು ಎಂಗೆ ಹಾಡ್ತಾಳೆ ಸ್ವಾಮಿ?” ಎಂದ ಹುಚ್ಚಯ್ಯ. “ನಮ್ಮಲ್ಲಿ ಸತ್ತೋಳು ಸತ್ತಂಗೇ ಇರ್ತಾಳೆ. ಹಾಡೋದು ಬದುಕಿರೋನ ಪಾಡು.”

ಇಬ್ಬರಿಗೂ ಜಗಳಗಳಾದವು. ಹೊಳೆಗೆ ಬದಲು ತೊಣ್ಣೂರು ಕೆರೆಯಲ್ಲಿ ತೆಗೆದರೆ ನೀರು ತಿಳಿಯಾಗಿ ಚೆನ್ನಾಗಿ ಬರುತ್ತದೆ ಎಂದ ರವೀಂದ್ರ. ನಿಂತ ನೀರಲ್ಲಿ ಪುಷ್ಪಾವತಿ ಮುಳುಗುವುದಿಲ್ಲ ಎಂದ ಹುಚ್ಚಯ್ಯ. ರವೀಂದ್ರ ಸೋತ. ಕೊನೆಯ ಸೀನಿನಲ್ಲಿ ಕ್ಯಾಮೆರಾ ಎಲ್ಲಿಡಬೇಕೆಂಬ ವಿಷಯದಲ್ಲಿಯೂ ಹುಚ್ಚಯ್ಯ ಪಟ್ಟು ಬಿಡಲಿಲ್ಲ. ಪುಷ್ಪಾವತಿಯ ಕಣ್ಣು ಇರುವ ಜಾಗದಲ್ಲಿ ಕ್ಯಾಮೆರಾ ಇರಬೇಕು, ಕೆಳಗಿನಿಂದ ರತ್ನಕೇತುವಿನ ಮುಖ ತುಂಬ ಕಾಣಬೇಕು. ಯಾಕೆಂದು ರವೀಂದ್ರ ಕೇಳಿದಾಗ ಅವನು ಮರೆಮಾಚಲಿಲ್ಲ.

“ನಾ ನೋಡಿಲ್ಲ ಸ್ವಾಮಿ. ಊರೋರೆಲ್ಲ ನೋಡವ್ರೆ. ಸಾಯೋದ್ರೊಳ್ಗೆ ಒಂದ್ಸಲ ನೋಡ್ಬೇಕು.”

ಬಗೆಹರಿಯದೆ ಉಳಿದದ್ದು ಬೆಳಕಿನ ವಿಷಯ. ಕೊನೆಯ ಹಾಡಿನ ಎರಡನೇ ಚರಣಕ್ಕೆ ಬೆಳಕು ಇಳಿಯಬೇಕು ಎಂದು ಹುಚ್ಚಯ್ಯ ಹೇಳುತ್ತಿದ್ದ. ನಾಟಕದಲ್ಲಿ ಹಾಗೇ ಇತ್ತು. ರೆಪ್ಪೆಯ ಮೇಲಿನ ಕೆಂಪು ಸರಿದು ತಂಪು ಕತ್ತಲೆ ಬರುತ್ತಿತ್ತು, ಹಾಡು ಮುಗಿಯುವ ತನಕ ಇರುತ್ತಿತ್ತು. ಮೇಷ್ಟ್ರು ಯಾರಿಗೋ ಹೇಳಿ ಗ್ಯಾಸ್‌ಲೈಟಿಗೆ ಮರೆ ಹಿಡಿಸುತ್ತಿದ್ದಿರಬೇಕು. ಬೆಳಗಿನ ಹೊಳೆದಂಡೆಯಲ್ಲಿ ಬೆಳಕು ಹೇಗೆ ಇಳಿಯುತ್ತದೆ ಎಂದು ರವೀಂದ್ರ ಕೇಳಿದರೆ, ಮೋಡ ಬರಲಿ ಎನ್ನುತ್ತಿದ್ದ. ರವೀಂದ್ರ ಹಳಬರನ್ನು ವಿಚಾರಿಸಿದ. ಬೆಳಕು ಇಳಿದದ್ದು ಯಾರ ನೆನಪಿನಲ್ಲಿಯೂ ಇರಲಿಲ್ಲ. ಹುಚ್ಚಯ್ಯ ಹೆಂಡತಿ ತಿಮ್ಮಮ್ಮನನ್ನು ಕೇಳಿದ. ಅವಳು ಮದುವೆಯಾದ ಹೊಸತರಲ್ಲಿ ಆ ನಾಟಕ ನೋಡಿದ್ದವಳು.

“ಯಾವ ಬೆಳಕೋ ನಾ ಕಾಣೆ,” ಎಂದಳು ತಿಮ್ಮಮ್ಮ ಪುರಿ ಜರಡಿ ಹಿಡಿಯುತ್ತ. “ದ್ಯಾವ್ರಾಜಪ್ನೋರು ಒಂದ್ ಕೈ ಆಕಾಸಕ್ಕೆ ಎತ್ಕಂಡು, ಇನ್ನೊಂದ್ ಕೈ ನಿನ್ ಮಕದ ಮ್ಯಾಲೆ ಚಾಚ್ಕಂಡು ಹಾಡೋರು. ನನ್ ಗಂಡಂಗೇ ಏನೋ ಆಗೋಯ್ತು ಅಂತ ನಾನು ಅಳ್ತಿದ್ದೆ. ಬೆಳಕು ನೋಡ್ತಾ ಕುಂತಿದ್ನಾ?”

ಹುಚ್ಚಯ್ಯನಿಗೆ ಬೇಕಾದದ್ದು ಬೆಳಕಿನ ಸುದ್ದಿ. ಉಳಿದದ್ದು ಕಿವಿಗೆ ಬೀಳಲಿಲ್ಲ.

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ದೇವರಾಜುವಿಗೆ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋಯಿತು, ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಕೆಲವು ತಿಂಗಳು ಕಳೆದು ಮಾತು ನಿಧಾನವಾಗಿ ಮರಳಿತು. ಅದೇ ಹೊತ್ತಿಗೆ ರವೀಂದ್ರ ಬೆಂಗಳೂರಿನಲ್ಲಿ ಒಬ್ಬ ನಿರ್ಮಾಪಕನನ್ನು ಹಿಡಿದಿದ್ದ. ಕೊನೆಯ ಹಾಡೊಂದನ್ನು ಕೇಳಿಸು, ಆಮೇಲೆ ಮಾತಾಡೋಣ ಎಂದು ಆತ ಹೇಳಿದ್ದ. ರಂಗದ ಮೇಲೆ ಆ ಹಾಡನ್ನು ಹಾಡಿದವನು ದೇವರಾಜು ಒಬ್ಬನೇ. ಟೇಪ್ ರೆಕಾರ್ಡರ್ ತೆಗೆದುಕೊಂಡು ಪಾಲಹಳ್ಳಿಗೆ ಹೋಗೋಣ, ದೇವರಾಜು ಹಾಡಲಿ, ನೀವು ಎದುರಿಗೆ ಕೂತು ನೋಡಿ ಎಂದು ರವೀಂದ್ರ ಹೇಳಿದ. ಸಿನಿಮಾ ಆಗುವುದೋ ಇಲ್ಲವೋ, ನೋಡುವುದಂತೂ ಆಯಿತಲ್ಲ ಎಂದು ಹುಚ್ಚಯ್ಯ ಹೊಸ ಪಂಚೆ ಉಟ್ಟು ಹೊರಟ. ಇದೇ ಕೊನೆಯ ಅವಕಾಶವೆಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಇಳಿಯುತ್ತಿತ್ತು. ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ದೇವರಾಜು ಜಗಲಿಯ ಮೇಲೆ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕುಳಿತಿದ್ದ. ಅವನ ಹೆಂಡತಿ ಪುಟ್ಟಗೌರಮ್ಮ ಮಜ್ಜಿಗೆ ತಂದುಕೊಟ್ಟು, ನಾಲ್ಕು ಪದ ಹಾಡಿಸಿ ಸಾಕು, ಉಸಿರು ಕಟ್ಟುತ್ತದೆ ಎಂದಳು. ಹುಚ್ಚಯ್ಯ ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕೂರಲು ಹೋದ. ದೇವರಾಜು ಗದರಿ ಮೇಲೆ ಕರೆದ. ಹುಚ್ಚಯ್ಯ ಎದುರಿಗೆ, ಮುಖಕ್ಕೆ ಮುಖವಿಟ್ಟು ಕುಳಿತ. ರವೀಂದ್ರ ಟೇಪಿನ ಗುಂಡಿ ಒತ್ತಿದ.

ಏಳು ಪುಷ್ಪಾವತಿಯೆ, ಹರಿಗೋಲು ಕಾದಿಹುದು ಎಂದು ದೇವರಾಜು ಎತ್ತಿಕೊಂಡ. ದನಿ ಒಡೆದಿತ್ತು, ಶ್ರುತಿ ಸರಿಯಿತ್ತು. ಹುಚ್ಚಯ್ಯ ಕಣ್ಣು ಮಿಟುಕಿಸದೆ ನೋಡಿದ. ಸೊಟ್ಟ ಬಾಯಿಯ ಒಬ್ಬ ಮುದುಕ ಪದಗಳನ್ನು ಹುಡುಕುತ್ತಿದ್ದ. ಮೊದಲ ಚರಣ ಮುಗಿಯಿತು. ಎರಡನೆಯದು ಬರಲಿಲ್ಲ. ಮತ್ತೆ ಪಲ್ಲವಿಗೆ ಹೋದ, ಮತ್ತೆ ಅಲ್ಲಿಯೇ ನಿಂತ. ಹುಚ್ಚಯ್ಯ ಪದ ಎತ್ತಿಕೊಟ್ಟರೂ ಹಿಡಿಯಲಾಗಲಿಲ್ಲ. ದೇವರಾಜು ಬಲಗೈಯಿಂದ ತೊಡೆ ತಟ್ಟಿದ.

“ಬಂದು ಮಲಗ್ಲಾ.”

ಹುಚ್ಚಯ್ಯ ಎದ್ದೇಳಲಿಲ್ಲ. “ಒಂದ್ಸಲ ನೋಡನ ಅಂತ ಬಂದೆ ಕಣಣ್ಣ.”

“ನೋಡಾಕೇನೈತ್ಲಾ ಈ ಸೊಟ್ಟ ಮೂತೀಲಿ? ತೊಡೆ ಮ್ಯಾಲೆ ಭಾರ ಇಲ್ದಿದ್ರೆ ನಂಗೆ ಪದ ಬರಾಕಿಲ್ಲ.”

ರವೀಂದ್ರ ಟೇಪು ನಿಲ್ಲಿಸಿ ಹುಚ್ಚಯ್ಯನನ್ನು ನೋಡಿದ. ಮಲಗಿದರೆ ನೋಡುವುದು ತಪ್ಪುತ್ತದೆ, ಮಲಗದಿದ್ದರೆ ಹಾಡು ತಪ್ಪುತ್ತದೆ. ಹುಚ್ಚಯ್ಯ ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ಎದೆಯ ಮೇಲೆ ಎಳೆದುಕೊಂಡು, ದೇವರಾಜುವಿನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ.

ಸೂರಿನ ಕೆಳಗಿಂದ ಇಳಿಬಿಸಿಲು ನುಗ್ಗಿ ಅವನ ಮುಖಕ್ಕೆ ನೇರವಾಗಿ ಹೊಡೆಯುತ್ತಿತ್ತು. ರೆಪ್ಪೆಯ ಒಳಗೆಲ್ಲ ಕೆಂಪು. ರವೀಂದ್ರ ಮತ್ತೆ ಟೇಪು ಹಾಕಿದ, ದೇವರಾಜು ಮತ್ತೆ ಎತ್ತಿಕೊಂಡ. ಮೊದಲ ಚರಣ ಸರಾಗವಾಗಿ ಬಂತು. ಒಂದು ಉಸಿರು ತೆಗೆದುಕೊಂಡು, ಆಚೆ ದಡದಲಿ ನಮ್ಮ ಮನೆಯ ದೀಪ ಎಂದು ಎರಡನೆಯದಕ್ಕೆ ಇಳಿದ. ಹುಚ್ಚಯ್ಯನ ರೆಪ್ಪೆಯ ಮೇಲಿನ ಕೆಂಪು ಸರಿದುಹೋಯಿತು. ಅದೇ ತಂಪು, ಅದೇ ಕತ್ತಲೆ.

ಇಲ್ಲಿ ಗ್ಯಾಸ್‌ಲೈಟ್ ಇರಲಿಲ್ಲ. ಮೇಷ್ಟ್ರು ಇರಲಿಲ್ಲ. ಆಕಾಶದಲ್ಲಿ ಮೋಡವೂ ಇರಲಿಲ್ಲ ಎಂಬುದನ್ನು ಅವನು ಬರುವಾಗಲೇ ನೋಡಿದ್ದ. ಹುಚ್ಚಯ್ಯ ಕಣ್ಣು ಬಿಟ್ಟ.

ಮುಖದ ಮೇಲೆ ಗೇಣು ದೂರವೂ ಇಲ್ಲದಂತೆ ಒಂದು ಅಂಗೈ ಇತ್ತು. ಗುದ್ದಲಿ ಹಿಡಿದು ಜಡ್ಡುಗಟ್ಟಿದ್ದು, ಹೆಬ್ಬೆರಳ ಬುಡದಲ್ಲಿ ಬಿಸಿ ಪಾಕ ಸಿಡಿದ ಹಳೆಯ ಕಲೆ ಇದ್ದದ್ದು. ಬೆರಳ ಸಂದುಗಳಲ್ಲಿ ಬಿಸಿಲು ನಿಂತಿತ್ತು. ಕೈ ಸರಿಯುತ್ತಿರಲಿಲ್ಲ. ಒಂದು ಕೈ ಆಕಾಶಕ್ಕೆ, ಒಂದು ಕೈ ಮುಖದ ಮೇಲೆ ಎಂದಿದ್ದಳು ತಿಮ್ಮಮ್ಮ. ಈಗ ದೇವರಾಜುವಿಗೆ ಉಳಿದಿದ್ದದ್ದು ಒಂದೇ ಕೈ. ಅದು ಆಕಾಶಕ್ಕೆ ಹೋಗಿರಲಿಲ್ಲ.

ದೇವರಾಜುವಿನ ಮುಖ ಆ ಕೈಯ ಹಿಂದೆ ಇತ್ತು. ತಲೆಯನ್ನು ಒಂದಿಷ್ಟು ಓರೆ ಮಾಡಿದ್ದರೆ ಸಾಕು, ಅವನು ಇಷ್ಟು ವರ್ಷ ಬಸ್ಸಿನ ಕಿಟಕಿಯಲ್ಲಿ ಕಲ್ಪಿಸಿಕೊಂಡದ್ದು ಕಾಣುತ್ತಿತ್ತು. ಮೇಲೆ ಹಾಡು ನಡೆದಿತ್ತು, ಎಲ್ಲಿಯೂ ಎಡವದೆ. ಹುಚ್ಚಯ್ಯ ತಲೆ ಅಲುಗಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಡಿನ ಕೊನೆಯವರೆಗೂ ಸತ್ತಂತೆ ಮಲಗಿದ.

ಹಾಡು ಮುಗಿದ ಮೇಲೂ ಕೈ ಅಲ್ಲಿಯೇ ಇತ್ತು.

“ಕಣ್ ಬುಟ್ಟಿದ್ದೆ ಅಲ್ವೇನ್ಲಾ?” ಎಂದ ದೇವರಾಜು ನಿಧಾನವಾಗಿ.

“ಊ ಕಣಣ್ಣ.”

“ಮುಂಚಿಂದ್ಲೂ ಅಂಗೇಯ ನೀನು. ಬೆಳಕು ಬಿದ್ರೆ ರೆಪ್ಪೆ ಅದುರ್ತದೆ. ಜನ ನಗ್ತಾರಲ್ಲ. ಮುಚ್ಕಂಡೇ ಇರು. ಇನ್ನೂ ಮಂಗಳ ಆಗಿಲ್ಲ.”

ಒಲೆಯ ಮುಂದೆ ಮಲಗಿ ತಾನು ಕಲಿತೆನೆಂದುಕೊಂಡಿದ್ದ ವಿದ್ಯೆ ತನ್ನದಾಗಿರಲಿಲ್ಲ. ರೆಪ್ಪೆ ಅದುರುತ್ತಲೇ ಇತ್ತು. ಕಾಣದಂತೆ ಒಂದು ಕೈ ಅಡ್ಡ ಇತ್ತು, ಆ ಕೈಯವನು ಇಷ್ಟು ವರ್ಷ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹುಚ್ಚಯ್ಯ ಹೇಳಿದಂತೆ ಕಣ್ಣು ಮುಚ್ಚಿಕೊಂಡೇ ಇದ್ದ. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಪುಟ್ಟಗೌರಮ್ಮ ಒಳಗಿನಿಂದ ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿ ತಂದಳು. ಉರಿ ಹತ್ತಿರ ಬಂದ ಮೇಲೆಯೇ ದೇವರಾಜು ಕೈ ತೆಗೆದ.

ಹಿಂದಿರುಗುವ ಬಸ್ಸಿನಲ್ಲಿ ರವೀಂದ್ರ, ಕ್ಯಾಮೆರಾ ಎಲ್ಲಿಡೋಣ ಎಂದು ಕೇಳಿದ. ಎಲ್ಲಾದರೂ ಇಡಿ, ಮೋಡ ಬೇಡ, ಬೆಳಕು ಇಳಿಯುವುದೂ ಬೇಡ, ಒಂದು ಕೈ ಸಾಕು ಎಂದ ಹುಚ್ಚಯ್ಯ. ಮನೆಗೆ ಬಂದು ತಿಮ್ಮಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, ಒಲೆಗೆ ಸೌದೆ ತಳ್ಳಿದಳು.

“ಅದ್ನೇ ಅಲ್ವಾ ನಾ ಆವತ್ತು ಯೋಳಿದ್ದು? ನನ್ ಮಾತು ಯಾವಾಗ ಕೇಳಿದ್ದೀಯೆ?”

ನಿರ್ಮಾಪಕ ಹಾಡು ಕೇಳಿ, ಚೆನ್ನಾಗಿದೆ, ಆದರೆ ಸತ್ತವಳ ಮುಂದೆ ಇಷ್ಟು ಹೊತ್ತು ಯಾರು ಕೂರುತ್ತಾರೆ ಎಂದನಂತೆ. ನಾಯಕಿಯನ್ನು ಬದುಕಿಸಿದರೆ ನೋಡೋಣ ಎಂದೂ ಹೇಳಿದನಂತೆ. ರವೀಂದ್ರ ಅದನ್ನು ಅಂಗಡಿಯ ಬೆಂಚಿನ ಮೇಲೆ ಕುಳಿತು ತಿಳಿಸಿ, ಟೇಪಿನ ಒಂದು ಪ್ರತಿಯನ್ನು ಕೊಟ್ಟು ಹೋದ. ಹುಚ್ಚಯ್ಯನ ಬಳಿ ಅದನ್ನು ಹಾಕುವ ಯಂತ್ರವಿರಲಿಲ್ಲ. ಕೊಳ್ಳಲೂ ಇಲ್ಲ.

ಮುಂದಿನ ಸಲ ಆಲೆ ಹೂಡುವ ಮೊದಲೇ ದೇವರಾಜು ತೀರಿಕೊಂಡ. ಸುದ್ದಿ ಬಂದ ಕೂಡಲೇ ಹುಚ್ಚಯ್ಯ ಅಂಗಡಿ ಮುಚ್ಚಿ ಪಾಲಹಳ್ಳಿಗೆ ಹೋದ. ಹೆಣವನ್ನು ಮನೆಯ ಮುಂದೆ ಮಲಗಿಸಿದ್ದರು. ಚಪ್ಪರಕ್ಕೆ ತೆಂಗಿನ ಗರಿ ಇನ್ನೂ ಬಂದಿರಲಿಲ್ಲ, ಬಿಸಿಲು ಏರಿತ್ತು. ಹುಚ್ಚಯ್ಯ ಹಾರ ಹಾಕಿ, ತಲೆಯ ಬಳಿ ನೆಲದ ಮೇಲೆ ಕುಳಿತು, ಬಲಗೈ ಚಾಚಿ ಆ ಮುಖದ ಮೇಲೆ ನೆರಳು ಹಿಡಿದ. ಬಾಯಿಯ ಸೊಟ್ಟು ಸಡಿಲವಾಗಿತ್ತು. ಅವನು ಯಾವ ಅವಸರವೂ ಇಲ್ಲದೆ ಆ ಮುಖವನ್ನು ನೋಡುತ್ತ ಕುಳಿತ.

ಸತ್ತೋರಿಗೆ ಬಿಸಿಲೇನ್ಲಾ ಹುಚ್ಚಯ್ಯ, ಈಚೆ ಬಾ ಎಂದರು ಯಾರೋ ಹಿರಿಯರು.

ಗಾಡಿಯಲ್ಲಿ ಗರಿ ಬಂದು, ಚಪ್ಪರ ಮೇಲೆದ್ದು, ನೆರಳು ಇಡಿಯಾಗಿ ಬೀಳುವ ತನಕ ಹುಚ್ಚಯ್ಯ ಕೈ ತೆಗೆಯಲಿಲ್ಲ.